ಸುಣ್ಣದ ಗುಂಡಿಗೆ ಹೋದ ನಾದಿನಿ

(ಕಳೆದ ತಿಂಗಳು ಒಂದು ಓದುಗರ ಬಳಗದಲ್ಲಿ ಮಾತಾಡಿದ್ದು. ಕೇಳಿದವರಲ್ಲಿ ಕೆಲವರು ಬರೆದು ಕೊಡಿ ಅಂದರು. ಅಲ್ಲಿ ಮರೆತು ಬಿಟ್ಟಿದ್ದ ಒಂದೆರಡು ಮಾತನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಇವತ್ತು ಮಾತಾಡಬೇಕು ಅಂತ ಬಂದಿರುವುದು ಒಬ್ಬ ಹುಡುಗಿಯ ಬಗ್ಗೆ. ಅವಳಿಗೆ ಹೆಸರಿಲ್ಲ. ಅವಳು ಬರುವ ಕಥೆಯನ್ನು ನಿಮ್ಮಲ್ಲಿ ಎಷ್ಟೋ ಜನ ಕೇಳಿದ್ದೀರಿ, ಆದರೆ ಅದನ್ನು ಅವಳ ಕಥೆ ಅಂತ ಯಾರೂ ಹೇಳಿರಲಿಕ್ಕಿಲ್ಲ. ಹೂವಿನ ಗಿಡವಾಗುವ ಹುಡುಗಿಯ ಕಥೆ ಇದೆಯಲ್ಲ, ಅದರಲ್ಲಿ ಬರುವ ನಾದಿನಿ ಅವಳು.

ಮರೆತವರಿಗಾಗಿ ಬೇಗ ಹೇಳಿಬಿಡುತ್ತೇನೆ. ಒಬ್ಬ ಬಡ ಮುದುಕಿ, ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಅಮ್ಮ ಕೂಲಿ ಮಾಡಿ ಸುಸ್ತಾಗುವುದನ್ನು ನೋಡಲಾರದೆ ಕಿರಿಯವಳು ಅಕ್ಕನಿಗೆ ಹೇಳುತ್ತಾಳೆ: ನಾನು ಹೂವಿನ ಗಿಡವಾಗುತ್ತೇನೆ, ನೀನು ಹೂ ಬಿಡಿಸಿಕೊಂಡು ಹೋಗಿ ಮಾರು. ಅದಕ್ಕೊಂದು ಕ್ರಮ ಇದೆ. ನೆಲ ಸಾರಿಸಿ ಶುದ್ಧ ಮಾಡಬೇಕು. ಬಾವಿಯಿಂದ ಎರಡು ಬಿಂದಿಗೆ ನೀರು ತರಬೇಕು, ಆ ನೀರಿಗೆ ಉಗುರು ತಾಗಬಾರದು. ಒಂದು ಬಿಂದಿಗೆ ಸುರಿದರೆ ಅವಳು ಗಿಡವಾಗುತ್ತಾಳೆ. ಒಂದು ಚಿಗುರು ಮುರಿಯದ ಹಾಗೆ, ಒಂದು ಎಲೆ ಹರಿಯದ ಹಾಗೆ ಹೂ ಬಿಡಿಸಬೇಕು. ಎರಡನೇ ಬಿಂದಿಗೆ ಸುರಿದರೆ ಮತ್ತೆ ಹುಡುಗಿ. ಹೂವು ಅರಮನೆಗೆ ಹೋಗುತ್ತದೆ, ರಾಜಕುಮಾರ ಗುಟ್ಟು ಕಂಡುಕೊಳ್ಳುತ್ತಾನೆ, ಮದುವೆಯಾಗುತ್ತದೆ. ಮದುವೆಯಾದ ಮೇಲೆ ಗಂಡ ರಾತ್ರಿ ಹೊತ್ತು ಹೆಂಡತಿಯನ್ನು ಗಿಡವಾಗು ಅನ್ನುತ್ತಾನೆ. ಅವಳಿಗೆ ಇಷ್ಟವಿಲ್ಲ. ಅವನು ಬಿಡುವುದಿಲ್ಲ. ಅವಳು ಆಗುತ್ತಾಳೆ. ಬೆಳಿಗ್ಗೆ ಬಾಡಿದ ಹೂವನ್ನೆಲ್ಲ ಕಿಟಕಿಯಿಂದ ಆಚೆ ಎಸೆಯುತ್ತಾರೆ.

ಆ ರಾಶಿ ಕಣ್ಣಿಗೆ ಬೀಳುವುದು ರಾಜಕುಮಾರನ ತಂಗಿಗೆ. ಅಣ್ಣ ಅತ್ತಿಗೆ ಇಷ್ಟೊಂದು ಹೂವು ಮುಡಿಯುತ್ತಾರೆ, ನನಗೆ ಒಂದೇ ಒಂದು ಕೊಡುವುದಿಲ್ಲವಲ್ಲ ಅಂತ ಅವಳಿಗೆ ಅನ್ನಿಸುತ್ತದೆ. ಈ ಮಾತು ನನ್ನದಲ್ಲ, ಕಥೆಯ ಒಳಗೇ ಇದೆ. ನೆನಪಿಟ್ಟುಕೊಳ್ಳಿ, ನಾನು ಮತ್ತೆ ಇಲ್ಲಿಗೇ ಬರುತ್ತೇನೆ.

ಮುಂದೆ ಅವಳು ಸಂದಿಯಿಂದ ಇಣುಕಿ ನೋಡುತ್ತಾಳೆ, ಗುಟ್ಟು ಗೊತ್ತಾಗುತ್ತದೆ. ಅಮ್ಮನನ್ನು ಕೇಳಿ ಅತ್ತಿಗೆಯನ್ನು ಸುರಹೊನ್ನೆ ತೋಪಿಗೆ ಉಯ್ಯಾಲೆ ಆಡಲು ಕರೆದುಕೊಂಡು ಹೋಗುತ್ತಾಳೆ. ಗೆಳತಿಯರೂ ಇರುತ್ತಾರೆ. ಎಲ್ಲರೂ ಸೇರಿ ಪೀಡಿಸುತ್ತಾರೆ, ಚುಚ್ಚಿ ಮಾತಾಡುತ್ತಾರೆ. ಅತ್ತಿಗೆ ಕೊನೆಗೆ ಒಪ್ಪುತ್ತಾಳೆ. ನೀರು ಹೇಗೆ ಸುರಿಯಬೇಕು ಅಂತ ಅವಳು ಹೇಳಿದ್ದನ್ನು ಇವರು ಸರಿಯಾಗಿ ಕೇಳಿಸಿಕೊಳ್ಳುವುದೇ ಇಲ್ಲ. ಹೇಗ್ಹೇಗೋ ಸುರಿಯುತ್ತಾರೆ. ಅಷ್ಟರಲ್ಲಿ ಗುಡುಗು, ಮಳೆ. ಹೂವಿನ ಆಸೆಗೆ ಬಿದ್ದು ಚಿಗುರು ಹರಿಯುತ್ತಾರೆ, ರೆಂಬೆ ಮುರಿಯುತ್ತಾರೆ. ಎರಡನೇ ಬಿಂದಿಗೆಯನ್ನು ಮನಸ್ಸಿಗೆ ಬಂದ ಹಾಗೆ ಚೆಲ್ಲಿ ಮನೆಗೆ ಓಡುತ್ತಾರೆ. ಅಲ್ಲಿ ಉಳಿದದ್ದು ಕೈಯಿಲ್ಲದ, ಕಾಲಿಲ್ಲದ, ಅರ್ಧ ಮುಂಡದಂಥ ಒಂದು ಜೀವ. ಮರುದಿನ ಹತ್ತಿಯ ಗಾಡಿಯವರು ಅದನ್ನು ಕಂಡು, ಎತ್ತಿಕೊಂಡು ಹೋಗಿ ಇನ್ನೊಂದು ಊರಿನ ಹತ್ತಿರ ಬಿಡುತ್ತಾರೆ. ಅದು ರಾಜಕುಮಾರನ ಅಕ್ಕನನ್ನು ಕೊಟ್ಟ ಊರು. ಅಕ್ಕನ ಅರಮನೆಯಲ್ಲಿ ಆ ಜೀವಕ್ಕೆ ಆರೈಕೆ ಆಗುತ್ತದೆ. ಹೆಂಡತಿ ಕಾಣದೆ ಭಿಕ್ಷುಕನ ಹಾಗೆ ಅಲೆಯುತ್ತಿದ್ದ ರಾಜಕುಮಾರನೂ ಅಲ್ಲಿಗೇ ಬರುತ್ತಾನೆ, ಗುರುತು ಹಿಡಿಯುತ್ತಾನೆ, ಒಂದು ಬಿಂದಿಗೆ ನೀರು ಸುರಿದು ಗಿಡ ಮಾಡಿ, ಮುರಿದ ರೆಂಬೆಗಳನ್ನು ನೆಟ್ಟಗೆ ಮಾಡಿ, ಎರಡನೇ ಬಿಂದಿಗೆ ಸುರಿದು ಅವಳನ್ನು ಮೊದಲಿನ ಹಾಗೆ ಮಾಡುತ್ತಾನೆ.

ಎಲ್ಲ ಸುಖವಾಯಿತು ಅನ್ನುವಾಗ ಕೊನೆಗೆ ಒಂದು ಮಾತು ಬರುತ್ತದೆ. ರಾಜ ಒಂದು ಗುಂಡಿ ತೋಡಿಸಿ, ಅದರಲ್ಲಿ ಸುಡುವ ಸುಣ್ಣ ತುಂಬಿಸಿ, ತನ್ನ ಕಿರಿಯ ಮಗಳನ್ನು ಅದಕ್ಕೆ ನೂಕಿಸುತ್ತಾನೆ. ನೋಡಿದವರೆಲ್ಲ, ಮಾಡಿದ್ದಕ್ಕೆ ತಕ್ಕ ಶಾಸ್ತಿ ಆಯಿತು ಅಂದುಕೊಳ್ಳುತ್ತಾರೆ. ಮುಗಿಯಿತು.

ಕನ್ನಡದಲ್ಲಿ ಹೆಂಗಸರು ಮನೆಯೊಳಗೆ ಹೇಳಿಕೊಂಡು ಬಂದ ಕಥೆ ಇದು. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಇದನ್ನು ಕೇಳಿ ಬರೆದುಕೊಂಡರು, ಇಂಗ್ಲಿಷಿಗೆ ತಂದರು. ಅವರು 1993ರಲ್ಲಿ ತೀರಿಕೊಂಡರು, 1997ರಲ್ಲಿ ಬಂದ ಅವರ ಕಥಾ ಸಂಗ್ರಹಕ್ಕೆ ಇದೇ ಕಥೆಯ ಹೆಸರು. ಇದು ಸಿನಿಮಾ ಆಯಿತು. 2006ರಲ್ಲಿ ವಿಯೆನ್ನಾದಲ್ಲಿ ಆಪೆರಾ ಆಗಿ ರಂಗಕ್ಕೂ ಬಂತು. ಎಲ್ಲರ ಕಣ್ಣೂ ಗಿಡವಾಗುವ ಹುಡುಗಿಯ ಮೇಲೆ. ಅದು ಸರಿಯೇ. ಅಷ್ಟು ದೊಡ್ಡ ನೋವು ಪಟ್ಟವಳು ಅವಳು. ಆದರೆ ನನಗೆ ಎಷ್ಟೋ ವರ್ಷದಿಂದ ನಿದ್ದೆ ಕೆಡಿಸುತ್ತಿರುವವಳು ಆ ನಾದಿನಿ.

ಸುಡುವ ಸುಣ್ಣ ಅಂದರೆ ಏನು ಅಂತ ಈಗಿನ ಮಕ್ಕಳಿಗೆ ಗೊತ್ತಿಲ್ಲ. ನನಗೆ ಗೊತ್ತು. ನಾವು ಚಿಕ್ಕವರಿದ್ದಾಗ ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣ ಬಳಿಯಬೇಕು ಅಂದರೆ, ಸುಟ್ಟ ಸುಣ್ಣದ ಕಲ್ಲು ತಂದು ಹಿತ್ತಲಿನ ಹಳೆಯ ಪೀಪಾಯಿಗೆ ಹಾಕಿ ನೀರು ಸುರಿಯುತ್ತಿದ್ದರು. ಒಂದು ಗಳಿಗೆ ಏನೂ ಆಗುವುದಿಲ್ಲ. ಆಮೇಲೆ ಕಲ್ಲು ಪಟಪಟ ಅಂತ ಬಿರಿಯುತ್ತದೆ. ಬೆಂಕಿಯೇ ಇಲ್ಲದೆ ನೀರು ಕೊತಕೊತ ಕುದಿಯುತ್ತದೆ, ಬಿಳಿ ಹಬೆ ಮೇಲೇಳುತ್ತದೆ, ಹನಿ ಸಿಡಿದರೆ ಚರ್ಮ ಬೊಕ್ಕೆ ಏಳುತ್ತದೆ. ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ದೂರ ನಿಂತು ನೋಡುತ್ತಿದ್ದೆವು. ಮರುದಿನ ಅದೇ ಸುಣ್ಣ ಗಟ್ಟಿ ಮೊಸರಿನ ಹಾಗೆ ತಣ್ಣಗೆ ಕೂತಿರುತ್ತಿತ್ತು. ಈ ಕಥೆಯ ಕೊನೆ ಕೇಳಿದಾಗೆಲ್ಲ ನನ್ನ ಕಣ್ಣ ಮುಂದೆ ಆ ಪೀಪಾಯಿ ಬರುತ್ತದೆ. ನೀರು ಬಿದ್ದರೆ ಒಬ್ಬಳು ಹೂವಾಗುತ್ತಾಳೆ. ನೀರು ಬಿದ್ದರೆ ಸುಣ್ಣ ಬೆಂಕಿಯಾಗುತ್ತದೆ, ಇನ್ನೊಬ್ಬಳು ಅದರಲ್ಲಿ ಬೇಯುತ್ತಾಳೆ. ಕಥೆ ಕಟ್ಟಿದ ತಾಯಂದಿರಿಗೆ ಇದು ಗೊತ್ತಿತ್ತು ಅಂತಲೇ ನನ್ನ ನಂಬಿಕೆ. ಅವರು ಪ್ರತಿ ವರ್ಷ ಸುಣ್ಣ ಕಲಸಿದವರು.

ಆ ನಾದಿನಿಯ ವಯಸ್ಸೆಷ್ಟು? ಕಥೆ ಹೇಳುವುದಿಲ್ಲ. ಮದುವೆಯಾಗಿಲ್ಲ, ಅಮ್ಮನನ್ನು ಕೇಳಿಯೇ ಹೊರಗೆ ಹೋಗುತ್ತಾಳೆ, ಗೆಳತಿಯರ ಜೊತೆ ಉಯ್ಯಾಲೆ ಆಡುತ್ತಾಳೆ. ಹಿಂದಿನ ಕಾಲದ ಲೆಕ್ಕದಲ್ಲಿ 12 ಇರಬಹುದು, 13 ಇರಬಹುದು, ಜಾಸ್ತಿ ಅಂತೂ ಅಲ್ಲ. ನಿಮ್ಮ ಮನೆಯ ಏಳನೇ ಕ್ಲಾಸಿನ ಹುಡುಗಿಯನ್ನು ಒಂದು ಸಲ ನೆನೆಸಿಕೊಳ್ಳಿ.

ಕೆಟ್ಟವರು ಕಥೆಯಲ್ಲಿ ಹೇಗೆ ತಯಾರಾಗುತ್ತಾರೆ ಅನ್ನುವುದಕ್ಕೆ ಜರ್ಮನಿಯ ಗ್ರಿಮ್ ಸಹೋದರರ ಉದಾಹರಣೆ ಎಲ್ಲರೂ ಕೊಡುತ್ತಾರೆ, ನಾನೂ ಕೊಟ್ಟುಬಿಡುತ್ತೇನೆ. 1812ರಲ್ಲಿ ಅವರು ಅಚ್ಚು ಹಾಕಿಸಿದ ಹಿಮಬಿಳುಪಿನ ಹುಡುಗಿ ಸ್ನೋ ವೈಟ್ ಕಥೆಯಲ್ಲಿ ಅವಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿಯೇ. 1819ರ ಆವೃತ್ತಿಯಲ್ಲಿ ಅವಳು ಮಲತಾಯಿ ಆದಳು. ಕಾಡಿಗೆ ಬಿಟ್ಟು ಬಂದ ಅಣ್ಣ ತಂಗಿಯ ಕಥೆಯಲ್ಲೂ ಹಾಗೇ, 1840ರ ಹೊತ್ತಿಗೆ ತಾಯಿ ಹೋಗಿ ಮಲತಾಯಿ ಬಂದಳು. ಹೆತ್ತವಳು ಹೀಗೆ ಮಾಡುತ್ತಾಳೆ ಅಂತ ಮಕ್ಕಳ ಪುಸ್ತಕದಲ್ಲಿ ಹಾಕಲು ಮನಸ್ಸು ಬರಲಿಲ್ಲ, ಹೆಸರು ಬದಲಾಯಿಸಿದರು. ತಪ್ಪು ಅದೇ, ಹೊರುವವಳು ಬೇರೆ. ಹಿಮಬಿಳುಪಿನ ಹುಡುಗಿಯ ಮಲತಾಯಿಗೆ ಸಿಕ್ಕ ಶಿಕ್ಷೆ ಕೆಂಪಗೆ ಕಾದ ಕಬ್ಬಿಣದ ಚಪ್ಪಲಿ ಹಾಕಿಕೊಂಡು ಸಾಯುವವರೆಗೆ ಕುಣಿಯುವುದು.

ನಮ್ಮಲ್ಲಿ ಸಂಪಾದಕರು ಬದಲಾಯಿಸಿದ್ದಲ್ಲ, ಹೇಳುವವರು ಎಲ್ಲಿ ಕೂತು ಹೇಳುತ್ತಾರೆ ಅನ್ನುವುದರ ಮೇಲೆ ನಿಂತಿದೆ. ನಮ್ಮ ಅಜ್ಜಿಕಥೆಗಳಲ್ಲಿ ಅತ್ತೆ ಕೆಟ್ಟವಳು, ನಾದಿನಿ ಕೆಟ್ಟವಳು, ಸವತಿ ಕೆಟ್ಟವಳು. ಯಾಕೆಂದರೆ ಹೇಳುವವಳು ಸೊಸೆ. ಗಂಡನ ಮನೆಯ ಒಲೆ ಮುಂದೆ ಕೂತು ಹೇಳುತ್ತಿದ್ದಾಳೆ, ಅವಳು ತಿಂದ ಮಾತು ಅವಳಿಗೇ ಗೊತ್ತು. ನಾನು ಅವಳ ಮೇಲೆ ದೂರು ಹೇಳುತ್ತಿಲ್ಲ. ಆದರೆ ಅದೇ ಹೆಂಗಸು ತವರಿಗೆ ಹೋದರೆ ಅಲ್ಲಿ ಯಾರಿಗೋ ನಾದಿನಿ ಅಲ್ವಾ? ಅಣ್ಣನ ಹೆಂಡತಿ ಇವಳ ಮುಂದೆ ತಟ್ಟೆ ಇಡುತ್ತಾಳೆ, ಇವಳು ಜಗಲಿಯಲ್ಲಿ ಕಾಲು ಚಾಚಿ ಕೂರುತ್ತಾಳೆ. ಒಬ್ಬಳೇ ಹೆಂಗಸು, ಬಸ್ಸಿನಲ್ಲಿ ಎರಡು ಗಂಟೆ ದಾರಿ, ಎರಡು ಬೇರೆ ಬೇರೆ ಪಾತ್ರ. ಈ ಕಥೆಯಲ್ಲೂ ನೋಡಿ, ನಾದಿನಿಯರು ಇಬ್ಬರು. ಕಿರಿಯವಳು ಮುರಿದಳು. ಹಿರಿಯವಳು ಆರೈಕೆ ಮಾಡಿದಳು. ಹಿರಿಯವಳಿಗೆ ಮದುವೆಯಾಗಿದೆ, ಪರರ ಮನೆಗೆ ಹೋಗಿ ಬಾಳಿದ್ದಾಳೆ. ಕಿರಿಯವಳು ಇನ್ನೂ ಹೋಗಿಲ್ಲ. ನನಗೆ ಆ ಇಬ್ಬರ ನಡುವೆ ಕಾಣುವ ವ್ಯತ್ಯಾಸ ಅಷ್ಟೇ. ಅವಳಿಗೆ ಹತ್ತು ವರ್ಷ ಬಿಟ್ಟಿದ್ದರೆ ಏನಾಗುತ್ತಿದ್ದಳೋ, ಸುಣ್ಣ ಆ ಹತ್ತು ವರ್ಷವನ್ನು ಕೊಡಲಿಲ್ಲ.

ಇನ್ನೊಂದು ಮಾತು. ಕೆಟ್ಟವನ ಮನಸ್ಸಿನೊಳಗೆ ಹೋಗಿ ನೋಡುವುದು ಕನ್ನಡಕ್ಕೆ ಹೊಸದೇನಲ್ಲ. ಸಾವಿರ ವರ್ಷದ ಹಿಂದೆ ರನ್ನ ತನ್ನ ದುರ್ಯೋಧನನನ್ನು ರಣರಂಗದ ಹೆಣಗಳ ನಡುವೆ ನಡೆಸಿದ. ಮಗ ಲಕ್ಷಣನ ಹೆಣ, ತಮ್ಮ ದುಶ್ಶಾಸನನ ಹೆಣ, ಗೆಳೆಯ ಕರ್ಣನ ಹೆಣ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು ಅವನ ಶೌರ್ಯಕ್ಕೆ ಕೈ ಮುಗಿಯುವಷ್ಟು ದೊಡ್ಡ ಮನಸ್ಸು ಕೊಟ್ಟ. ಆದರೆ ಅವನು ಮಾಡಿದ್ದನ್ನು ಅಳಿಸಲಿಲ್ಲ. ಜೈನ ರಾಮಾಯಣ ಬರೆದ ನಾಗಚಂದ್ರನ ರಾವಣ ಒಲ್ಲದ ಹೆಣ್ಣನ್ನು ಮುಟ್ಟುವುದಿಲ್ಲ ಅಂತ ವ್ರತ ಹಿಡಿದವನು, ಆದರೂ ಸೀತೆಯನ್ನು ಹೊತ್ತು ತಂದವನು ಅವನೇ. ತಾಳಮದ್ದಳೆಯಲ್ಲಿ ಇವತ್ತಿಗೂ ಒಬ್ಬ ಒಳ್ಳೆಯ ಅರ್ಥಧಾರಿ ಕೌರವನ ಪರವಾಗಿ ಮಾತಿಗೆ ನಿಂತರೆ ನಾವು ನಡುರಾತ್ರಿವರೆಗೆ ಕೂತು ಕೇಳುತ್ತೇವೆ. ಅಷ್ಟೇ ಯಾಕೆ, ಪುಣ್ಯಕೋಟಿಯ ಹಾಡಿನಲ್ಲಿ ಹುಲಿಗೆ ಹಸಿವು ಇದೆ, ಆಮೇಲೆ ನಾಚಿಕೆಯೂ ಇದೆ. ಅದು ತಾನಾಗಿ ಹಾರಿ ಪ್ರಾಣ ಬಿಡುತ್ತದೆ, ಯಾರೂ ನೂಕುವುದಿಲ್ಲ. ರಾಜರಿಗೆ, ರಾಕ್ಷಸರಿಗೆ, ಹುಲಿಗೆ ಇಷ್ಟು ಜಾಗ ಮಾಡಿಕೊಟ್ಟ ನಾವು ಒಬ್ಬ ಪುಟ್ಟ ಹುಡುಗಿಗೆ ನಾಚಿಕೆಪಡಲೂ ಸಮಯ ಕೊಡಲಿಲ್ಲ.

ಹಾಗಾಗಿ ನಾನು ಅವಳ ಕಥೆ ಬರೆಯಲು ಕೂತೆ. ಬರೆಯುವವರು ಇಲ್ಲಿ ಕೆಲವರಿದ್ದೀರಿ, ನಿಮಗೆ ಉಪಯೋಗಕ್ಕೆ ಬರಬಹುದು ಅಂತ ನಾನು ಎಡವಿದ್ದನ್ನು ಬಿಡಿಸಿ ಹೇಳುತ್ತೇನೆ.

ಮೊದಲ ಸಲ ಬರೆದಾಗ ಅವಳಿಗೆ ಅನ್ಯಾಯದ ಮೇಲೆ ಅನ್ಯಾಯ ಹೇರಿದೆ. ಅಮ್ಮ ಪ್ರೀತಿಸುವುದಿಲ್ಲ, ಅಪ್ಪ ಹೊಡೆಯುತ್ತಾನೆ, ಅಕ್ಕ ಬಿಟ್ಟು ಹೋದಳು, ಬೆನ್ನ ಮೇಲೆ ಬರೆ ಇದೆ. ಅಷ್ಟೂ ಸಾಲದು ಅಂತ ರೆಂಬೆ ಮುರಿದದ್ದು ಗೆಳತಿಯರು, ಇವಳು ಬೇಡ ಬೇಡ ಅಂತ ಅಳುತ್ತಾ ನಿಂತಿದ್ದಳು ಅಂತ ಬರೆದೆ. ಬರೆಯುವಾಗ ಕಣ್ಣಲ್ಲಿ ನೀರು ಬಂತು. ಮಾರನೇ ದಿನ ಓದಿದರೆ ಅಲ್ಲಿ ಹುಡುಗಿಯೇ ಇರಲಿಲ್ಲ. ಕೈಯಲ್ಲಿ ಕೊಳೆಯಿಲ್ಲದ ಒಂದು ಗೊಂಬೆ ಇತ್ತು. ಅವಳ ತಪ್ಪನ್ನು ತೆಗೆದು ಬೇರೆಯವರ ತಲೆಗೆ ಕಟ್ಟಿದ್ದೆ. ಮಲತಾಯಿಯ ವಿಷಯದಲ್ಲಿ ಗ್ರಿಮ್ ಸಹೋದರರು ಮಾಡಿದ್ದನ್ನೇ ನಾನು ಗೆಳತಿಯರಿಗೆ ಮಾಡಿದ್ದೆ. ಅದಕ್ಕಿಂತ ದೊಡ್ಡ ಮೋಸ ಅತ್ತಿಗೆಗೆ. ಕೈಕಾಲು ಕಳೆದುಕೊಂಡು ನೆಲದ ಮೇಲೆ ಬಿದ್ದವಳು ಅವಳು, ಆದರೆ ನನ್ನ ಕಥೆಯಲ್ಲಿ ಅಳುವ ಹಕ್ಕೆಲ್ಲ ನಾದಿನಿಗೇ ಹೋಗಿಬಿಟ್ಟಿತ್ತು. ಹರಿದು ಹಾಕಿದೆ.

ಆಮೇಲೆ ಸುಮ್ನೆ ಮೂಲ ಕಥೆಯನ್ನೇ ಮತ್ತೆ ಮತ್ತೆ ಓದಿದೆ. ಹೊರಗಿನಿಂದ ಏನನ್ನೂ ತಂದು ಸುರಿಯುವ ಅಗತ್ಯವೇ ಇರಲಿಲ್ಲ. ನನಗೆ ಒಂದೇ ಒಂದು ಹೂ ಕೊಡುವುದಿಲ್ಲವಲ್ಲ. ಇಷ್ಟೇ ಸಾಕು. ಅತ್ತಿಗೆ ಬರುವ ಮುಂಚೆ ಈ ಹೂವು ಬುಟ್ಟಿಯಲ್ಲಿ ಅರಮನೆಗೆ ಬರುತ್ತಿತ್ತು, ದುಡ್ಡು ಕೊಟ್ಟರೆ ಸಿಗುತ್ತಿತ್ತು. ಮುಡಿದುಕೊಂಡಿದ್ದವರಲ್ಲಿ ಇವಳೂ ಒಬ್ಬಳು ಅಂತ ನಾನು ಇಟ್ಟುಕೊಂಡೆ. ಮೊಳ ಹಾಕಿ ಅಳೆದು ಕೊಡುವ ಹೂವು, ಜಡೆಗೆ ಸುತ್ತಿಕೊಂಡರೆ ದಾರಿಯುದ್ದಕ್ಕೂ ಘಮ್ಮೆನ್ನುವ ಹೂವು. ಹೂವಿನ ಒಡತಿಯೇ ಮನೆಗೆ ಸೊಸೆಯಾಗಿ ಬಂದ ಮೇಲೆ ಹೂವು ಬರುವುದು ನಿಂತಿತು. ಜೊತೆಗೆ ಅಣ್ಣನೂ ಸಿಗದ ಹಾಗಾದ. ಮುಚ್ಚಿದ ಬಾಗಿಲು. ಬೆಳಿಗ್ಗೆ ಎದ್ದರೆ ಕಿಟಕಿ ಕೆಳಗೆ ಬಾಡಿದ ರಾಶಿ. ತಿಪ್ಪೆಗೆ ಹಾಕುತ್ತಾರೆ, ನನಗೆ ಕೊಡುವುದಿಲ್ಲ. ಈ ಹೊಟ್ಟೆಕಿಚ್ಚಿಗೆ ಬೆನ್ನ ಮೇಲೆ ಬರೆ ಬೇಕಾಗಿಲ್ಲ. ಪ್ರೀತಿಯಿಂದ ಬೆಳೆದ ಮಗುವಿಗೂ ಇದು ಬರುತ್ತದೆ. ಬಹುಶಃ ಅಂಥ ಮಗುವಿಗೇ ಜಾಸ್ತಿ ಬರುತ್ತದೆ.

ಇಲ್ಲಿ ನನ್ನದೊಂದು ವಿಷಯ ಹೇಳಬೇಕು, ಹೇಳದಿದ್ದರೆ ಉಳಿದ ಮಾತಿಗೆ ಬೆಲೆ ಇಲ್ಲ. ನನ್ನ ಅಣ್ಣನಿಗೆ ಮದುವೆಯಾದಾಗ ನನಗೆ 13 ವರ್ಷ. ಅಲ್ಲಿವರೆಗೆ ಅಣ್ಣ ಸಂತೆಯಿಂದ ಬರುವಾಗ ನನಗೊಂದು ಪೊಟ್ಟಣ ತರುತ್ತಿದ್ದ. ಕಡಲೆಪುರಿಯೋ, ಒಂದು ಮೊಳ ಕನಕಾಂಬರವೋ. ಅತ್ತಿಗೆ ಬಂದ ಮೇಲೆ ಪೊಟ್ಟಣ ನೇರ ಒಳಗಿನ ಕೋಣೆಗೆ ಹೋಗತೊಡಗಿತು. ಅತ್ತಿಗೆ ಕರೆದು ಅರ್ಧ ಕೊಡುತ್ತಿದ್ದರು, ನಾನೇ ಬೇಡ ಅನ್ನುತ್ತಿದ್ದೆ. ಒಂದು ದಿನ ಪೋಸ್ಟ್‌ಮ್ಯಾನ್ ಬಂದಾಗ ಬಾಗಿಲಲ್ಲಿ ನಾನೊಬ್ಬಳೇ ಇದ್ದೆ. ಅತ್ತಿಗೆಯ ತವರಿಂದ ಬಂದ ಇನ್‌ಲ್ಯಾಂಡ್ ಲೆಟರ್. ಅದನ್ನು ನನ್ನ ಭೂಗೋಳದ ಪುಸ್ತಕದೊಳಗೆ ಇಟ್ಟುಕೊಂಡೆ. ಒಡೆಯಲಿಲ್ಲ, ಓದಲಿಲ್ಲ. ಏನು ಮಾಡಬೇಕು ಅಂತಲೂ ಗೊತ್ತಿರಲಿಲ್ಲ. ಸಂಜೆ ಅತ್ತಿಗೆ, ಕಾಗದ ಏನಾದರೂ ಬಂತೇನೇ ಅಂತ ಕೇಳಿದರು. ನನಗೇನು ಗೊತ್ತು ಅಂದೆ. ಮಾರನೇ ದಿನ ಮತ್ತೆ ಕೇಳಿದರು. ಆ ಹೊತ್ತಿಗೆ ಕೊಡುವುದು ಇನ್ನೂ ಕಷ್ಟವಾಗಿತ್ತು. ಒಂಬತ್ತನೇ ದಿನ ಬಾಗಿಲ ಸಂದಿಯಲ್ಲಿ ಸಿಕ್ಕಿಸಿ, ಈಗಷ್ಟೇ ಬಂತು ಅಂದೆ. ಅವರ ಅಜ್ಜಿಗೆ ಮೈ ಸರಿ ಇಲ್ಲ, ಬಂದು ನೋಡಿಕೊಂಡು ಹೋಗು ಅಂತ ಬರೆದಿತ್ತು. ಅತ್ತಿಗೆ ಹೊರಟು ಹೋಗುವಷ್ಟರಲ್ಲಿ ಅಜ್ಜಿಗೆ ಮಾತು ನಿಂತಿತ್ತು.

ಅತ್ತಿಗೆ ಅದರ ಮೇಲಿನ ಅಂಚೆ ಮುದ್ರೆಯ ತಾರೀಖು ನೋಡಿರಬಹುದು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಇದು ಗೊತ್ತಿರುವವಳಾಗಿ ನಾನು ಆ ಹುಡುಗಿಯ ಬಗ್ಗೆ ಎರಡು ಸಂಗತಿ ಹೇಳಬಲ್ಲೆ. ತೋಪಿನಲ್ಲಿ ಆದದ್ದರಲ್ಲಿ ಅರ್ಧ ಅವಳ ಕೈ ಮೀರಿದ್ದು. ಮಳೆ ಇತ್ತು, ಗುಂಪಿತ್ತು, ಒಬ್ಬಳು ಕಿತ್ತರೆ ಇನ್ನೊಬ್ಬಳಿಗೂ ಕೀಳಬೇಕು ಅನ್ನಿಸುವ ಆ ಹುಚ್ಚು ಇತ್ತು. ಅದಕ್ಕೂ ಅವಳು ಜವಾಬ್ದಾರಳೇ, ಕರೆದುಕೊಂಡು ಹೋದವಳು ಅವಳು. ಆದರೆ ನಿಜವಾಗಿ ಅವಳೊಬ್ಬಳದೇ ಆದ ತಪ್ಪು ಮನೆಗೆ ಬಂದ ಮೇಲೆ ಶುರುವಾಗುತ್ತದೆ. ಅತ್ತಿಗೆ ಎಲ್ಲಿ ಅಂತ ಅಮ್ಮ ಕೇಳಿದಾಗ ಅವಳು ತನಗೆ ಗೊತ್ತಿಲ್ಲ ಅಂದುಬಿಡುತ್ತಾಳೆ. ಕಥೆ ಇದನ್ನು ಒಂದು ಸಾಲಿನಲ್ಲಿ ದಾಟಿಸುತ್ತದೆ. ನಾನು ಅಲ್ಲಿಯೇ ನಿಂತುಬಿಟ್ಟೆ. ಹತ್ತಿ ಗಾಡಿ ಬರುವುದು ಮರುದಿನ. ಅಂದರೆ ನಡುವೆ ಒಂದು ಇಡೀ ರಾತ್ರಿ ಇದೆ. ಒಬ್ಬ ಆಳನ್ನು ಎಬ್ಬಿಸಿ, ತೋಪಿನಲ್ಲಿ ನೋಡಿಕೊಂಡು ಬಾ ಅಂದಿದ್ದರೆ ಸಾಕಿತ್ತು. ಆ ರಾತ್ರಿಯನ್ನು ನಾನು ಹೀಗೆ ಬರೆದೆ, ಸ್ವಲ್ಪ ಓದುತ್ತೇನೆ:

"ಊಟಕ್ಕೆ ಕರೆದರು. ಹೋದಳು. ಅನ್ನ ಕಲಸುವಾಗ ಬೆರಳು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಹಸಿರು ಕೂತಿತ್ತು. ಎಡಗೈಯ ಉಗುರಿನಿಂದ ಕೆರೆದಳು. ಹೋಗಲಿಲ್ಲ. ಅದು ಎಲೆಯ ಹಸಿರೋ, ಅತ್ತಿಗೆಯ ಬೆರಳೋ. ಅಮ್ಮ ಇನ್ನೊಂದು ಸಲ ಕೇಳಿದಳು, ಎಲ್ಲೇ ನಿನ್ನ ಅತ್ತಿಗೆ, ನಿನ್ನ ಜೊತೆಗೇ ತಾನೆ ಬಂದಳು? ನನಗೇನಮ್ಮ ಗೊತ್ತು, ಎಲ್ಲರೂ ಅವರವರ ದಾರಿ ಹಿಡಿದು ಬಂದೆವು ಅಂದಳು. ಹೇಳಿದ ಮೇಲೆ ಬಾಯಿ ಹಗುರವಾಯಿತು. ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ. ಅಣ್ಣ ತಲೆಬಾಗಿಲಿಗೂ ಬೀದಿಗೂ ಓಡಾಡುತ್ತಿದ್ದ. ದೀವಟಿಗೆ ಹಿಡಿದವರು ಊರ ಕೆರೆ ಕಡೆಗೆ ಹೋದರು. ಕೆರೆ ಕಡೆ ಅಲ್ಲ, ತೋಪಿನ ಕಡೆ ಅಂತ ಹೇಳಬೇಕು ಅಂತ ಎದ್ದು ಬಾಗಿಲವರೆಗೆ ಬಂದಳು. ಹೇಳಿದರೆ, ನಿನಗೆ ಹೇಗೆ ಗೊತ್ತು ಅಂತ ಕೇಳುತ್ತಾರೆ. ಬಾಗಿಲು ಹಿಡಿದು ನಿಂತಳು. ಮಳೆ ಬಿದ್ದರೆ ಅತ್ತಿಗೆಗೆ ನೀರು ಸಿಕ್ಕ ಹಾಗಾಯಿತು, ನೀರು ಬಿದ್ದರೆ ಸರಿಯಾಗುತ್ತಾಳೆ ತಾನೆ, ಸರಿಯಾಗಿಬಿಡುತ್ತಾಳೆ, ಬೆಳಿಗ್ಗೆ ತಾನೇ ಎದ್ದು ಬರುತ್ತಾಳೆ ಅಂದುಕೊಂಡಳು. ಮಲಗಿದಳು. ಮಳೆ ನಿಂತಿತು. ಮಳೆ ನಿಂತದ್ದು ಅವಳಿಗೆ ಕೇಳಿಸಿತು."

ಇಷ್ಟೇ. ಇದನ್ನು ಬರೆದ ಮೇಲೆ ಅವಳ ಮೇಲೆ ನನಗೆ ಸಿಟ್ಟೂ ಬಂತು, ಕರುಳೂ ಚುರುಕ್ ಅಂತು, ಎರಡೂ ಒಟ್ಟಿಗೇ. ಒಂದು ಇನ್ನೊಂದನ್ನು ಕಡಿಮೆ ಮಾಡಲಿಲ್ಲ. ಇದು ಸರಿ ದಾರಿ ಅಂತ ಆಗ ಅನ್ನಿಸಿತು.

ಅಣ್ಣನ ವಿಷಯ ಇಲ್ಲಿ ಬರಲೇಬೇಕು. ಒಲ್ಲೆ ಅಂದವಳನ್ನು ಗಿಡವಾಗು ಅಂತ ಮೊದಲು ಒತ್ತಾಯ ಮಾಡಿದವನು ಅವನು. ಬಾಡಿದ ಮೇಲೆ ಎಸೆದವರಲ್ಲಿ ಅವನೂ ಒಬ್ಬ. ತಂಗಿ ಕಲಿತದ್ದು ಎಲ್ಲಿಂದ? ಆ ಸಂದಿಯಿಂದ ಇಣುಕಿ ಅವಳು ನೋಡಿದ್ದು ಇದನ್ನೇ: ಅತ್ತಿಗೆ ಬೇಡ ಅಂದಳು, ಅಣ್ಣ ಬಿಡಲಿಲ್ಲ, ಅತ್ತಿಗೆ ಆದಳು. ಅವನು ಜೋಪಾನವಾಗಿ ಸುರಿದ, ಇವಳು ಹೇಗ್ಹೇಗೋ ಸುರಿದಳು, ಅಷ್ಟು ವ್ಯತ್ಯಾಸ ಇದೆ ಮತ್ತು ಅದು ಸಣ್ಣ ವ್ಯತ್ಯಾಸವಲ್ಲ. ಆದರೆ ಅವನಿಗೆ ಕೊನೆಗೆ ಹೆಂಡತಿ ಸಿಕ್ಕಳು, ಇವಳಿಗೆ ಗುಂಡಿ ಸಿಕ್ಕಿತು. ಗೆಳತಿಯರಿಗೆ ಏನೂ ಆಗಲಿಲ್ಲ. ಮಗಳನ್ನು ಸುಣ್ಣಕ್ಕೆ ನೂಕಿದ ಅಪ್ಪನಿಗೆ ಯಾರೂ ಕೆಟ್ಟವನು ಅನ್ನಲಿಲ್ಲ. ಊರಿನವರು ಸುತ್ತ ನಿಂತು ನೋಡಿದರು.

ಮಾತು ಮುಗಿಸಿದ ಮೇಲೆ ಅವತ್ತು ಒಬ್ಬರು ಎದ್ದು ಒಂದು ಪ್ರಶ್ನೆ ಕೇಳಿದರು, ನೇರವಾಗಿಯೇ ಕೇಳಿದರು. ಈಗೀಗ ಎಲ್ಲ ಕೆಟ್ಟವರಿಗೂ ಒಂದು ಕಷ್ಟದ ಕಥೆ ಕಟ್ಟಿ ಒಳ್ಳೆಯವರು ಮಾಡುವ ಚಾಳಿ ಶುರುವಾಗಿದೆ, ನೀವೂ ಅದನ್ನೇ ಮಾಡುತ್ತಿದ್ದೀರಲ್ಲ, ಹಾಗಾದರೆ ಮಕ್ಕಳಿಗೆ ತಪ್ಪು ಯಾವುದು ಅಂತ ಹೇಗೆ ಹೇಳುವುದು? ಒಳ್ಳೆಯ ಪ್ರಶ್ನೆ. ನಾನು ಹೇಳಿದ್ದು ಇಷ್ಟು. ಈ ಕಥೆಯನ್ನು ನಾನು ಮಗುವಿಗೆ ಹಳೆಯ ರೀತಿಯಲ್ಲಿ ಹೇಳಿದಾಗ ಮಗು ಸುಣ್ಣದ ಗುಂಡಿ ಬಂದ ತಕ್ಷಣ ಚಪ್ಪಾಳೆ ತಟ್ಟಿತು. ಮುರಿದ ರೆಂಬೆ ಮರೆತೇ ಹೋಗಿತ್ತು. ಆ ರಾತ್ರಿಯ ಭಾಗ ಸೇರಿಸಿ ಹೇಳಿದಾಗ ಅದೇ ಮಗು, "ಅವಳು ಹೇಳಬೇಕಿತ್ತು, ಅಲ್ವಾ ಅಜ್ಜಿ? ಯಾಕೆ ಹೇಳಲಿಲ್ಲ?" ಅಂತ ಮೂರು ಸಲ ಕೇಳಿತು. ನನಗೆ ಚಪ್ಪಾಳೆಗಿಂತ ಆ ಪ್ರಶ್ನೆ ಬೇಕು. ಶಿಕ್ಷೆ ಅಷ್ಟು ದೊಡ್ಡದಾದರೆ ತಪ್ಪು ಅದರ ಹಿಂದೆ ಮರೆಯಾಗಿಬಿಡುತ್ತದೆ.

ಹಾಗಾದರೆ ನಿಮ್ಮ ಕಥೆಯಲ್ಲಿ ಅತ್ತಿಗೆ ಅವಳನ್ನು ಕ್ಷಮಿಸುತ್ತಾಳಾ ಅಂತ ಇನ್ನೊಬ್ಬರು ಕೇಳಿದರು. ಇಲ್ಲ. ಬಹಳ ದಿನ ಯೋಚನೆ ಮಾಡಿ ಇಲ್ಲ ಅಂತ ಬರೆದೆ. ಕ್ಷಮಿಸು ಅಂತ ಅತ್ತಿಗೆಗೆ ಹೇಳಲು ನಾನು ಯಾರು? ಅವಳು ಕ್ಷಮಿಸಿದಳು ಅಂತ ನಾನು ಬರೆದರೆ ಅದು ನನ್ನ ಅನುಕೂಲಕ್ಕೆ ಬರೆದುಕೊಂಡ ಹಾಗೆ. ನನ್ನ ಕಥೆಯಲ್ಲಿ ಗುಂಡಿ ತೋಡುತ್ತಾರೆ, ಸುಣ್ಣದ ಗಾಡಿಯೂ ಬರುತ್ತದೆ. ಆಗ ಅತ್ತಿಗೆ ಮಾವನಿಗೆ ಒಂದೇ ಮಾತು ಹೇಳುತ್ತಾಳೆ. ನನ್ನ ಬಲಗೈಯ ಎರಡು ಬೆರಳು ಇನ್ನೂ ಮಡಚುವುದಿಲ್ಲ, ಇನ್ನೊಂದು ಸಲ ನೀರು ಸುರಿಯಬೇಕು, ಬಾವಿಯಿಂದ ಅವಳೇ ತರಲಿ. ಅಷ್ಟೇ. ಆಚೆಗೆ ಒಂದು ಮಾತಿಲ್ಲ, ಅವಳ ಮುಖ ನೋಡುವುದೂ ಇಲ್ಲ. ಹುಡುಗಿ ಬಿಂದಿಗೆ ತೆಗೆದುಕೊಂಡು ಬಾವಿಗೆ ಹೋಗುತ್ತಾಳೆ. ಊರಿನವರೆಲ್ಲ ನೋಡುತ್ತಿದ್ದಾರೆ. ಹಗ್ಗ ಹಿಡಿಯುವಾಗ ಕೈ ನಡುಗುತ್ತದೆ. ಬಿಂದಿಗೆ ತಂದು ಇಡುತ್ತಾಳೆ.

ಇದನ್ನು ಬರೆದು ಮುಗಿಸಿದ ರಾತ್ರಿ ನನ್ನ ಅತ್ತಿಗೆಗೆ ಫೋನ್ ಮಾಡಿ ಪೂರ್ತಿ ಓದಿ ಹೇಳಿದೆ. ಅವರಿಗೆ ಈಗ ಎಪ್ಪತ್ತು ದಾಟಿದೆ. ಓದುವ ಮುಂಚೆ ಆ ಕಾಗದದ ವಿಷಯವನ್ನೂ ಹೇಳಿದೆ, ಇಷ್ಟು ವರ್ಷದಲ್ಲಿ ಮೊದಲ ಸಲ. "ಅತ್ತಿಗೆ, ನಿಮಗೆ ಗೊತ್ತಿತ್ತಾ?" ಅಂತ ಕೇಳಿದೆ. ಅವರು ಅದಕ್ಕೆ ಉತ್ತರ ಕೊಡಲಿಲ್ಲ. ಓದು, ಕೇಳುತ್ತಿದ್ದೇನೆ ಅಂದರು. ಓದಿದೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು:

"ನೀರಿಗೆ ಹೋಗುವ ಮುಂಚೆ ಆ ಹುಡುಗಿ ಉಗುರು ಕತ್ತರಿಸಿಕೊಂಡಳೇನೇ?"

ನಾನು ಅದನ್ನು ಬರೆದಿರಲಿಲ್ಲ. ಫೋನ್ ಇಟ್ಟು ಬರೆದೆ.